ಊದದ ಉಸಿರು

ಬೆಳಗಿನ ಐದೂವರೆ. ವಾರ್ಡಿನ ಟ್ಯೂಬ್‌ಲೈಟು ಹೊತ್ತಿದ ಕೂಡಲೇ ಮೂಲೆಯ ಹಾಸಿಗೆಯಿಂದ ಲಾರಿ ಡ್ರೈವರ್ ಗೊಣಗುತ್ತಾರೆ, "ಬಂದ್ಲಪ್ಪ ಸೊಳ್ಳೆಯಕ್ಕ."

"ಸೊಳ್ಳೆ ಕೇಳಿ ಕಚ್ಚುತ್ತಾ? ಕೈ ಕೊಡಣ್ಣ."

ರಕ್ತ ತೆಗೆಯುವುದೇ ಈಕೆಯ ಕೆಲಸ. ಇಪ್ಪತ್ತಾರು ವರ್ಷದಿಂದ, ದಿನಕ್ಕೆ ಅರವತ್ತು ತೋಳು. ಚರ್ಮಕ್ಕೆ ಸ್ಪಿರಿಟ್ ಒರೆಸಿ ಸುಮ್ಮನೆ ನಿಲ್ಲುತ್ತಾರೆ. ಅದು ತಾನಾಗಿ ಒಣಗಬೇಕು, ಊದುವಂತಿಲ್ಲ.

ಒಮ್ಮೆ ಊದಿದ್ದರು, ನನ್ನೊಡನೆ ಹೇಳಿಕೊಂಡರು. "ಹೊಸದರಲ್ಲಿ. ಅಜ್ಜಿಯೊಬ್ರು ಉರಿ ಅಂದ್ರು. ಮಗು ಗಾಯಕ್ಕೆ ಊದ್ತೀವಲ್ಲ, ಹಾಗೆ ಉಫ್ ಅಂದೆ. ರಕ್ತದಲ್ಲಿ ಕ್ರಿಮಿ ಇದ್ಯಾ ಅಂತ ಬೆಳೆಸಿ ನೋಡೋ ಬಾಟಲೀಲಿ ನನ್ನ ಬಾಯಿ ಕ್ರಿಮಿ ಬೆಳೀತು. ನಾಲ್ಕು ದಿನ ಅವರಿಗೆ ಬೇಡದ ಔಷಧಿ ಹೋಯ್ತು." ಯಾರೂ ಕಂಡುಹಿಡಿದಿರಲಿಲ್ಲ. ತಾವೇ ಹೋಗಿ ಡಾಕ್ಟರಿಗೆ ಹೇಳಿದರು.

ಈ ಡ್ರೈವರಿಗೆ ಇಲ್ಲಿಗೆ ಬರುವ ಮೊದಲು ಮೂರು ವಾರ ಜ್ವರ, ಬೆನ್ನುನೋವು. ಸ್ಟೇರಿಂಗ್ ಹಿಡಿದವನ ಬೆನ್ನು ನೋಯದೆ ಇರುತ್ತದೆಯೇ ಎಂದು ಮೂರು ಕಡೆ ಮುಲಾಮು ಕೊಟ್ಟು ಕಳಿಸಿದ್ದರು. ಓದಿದವರ ತಾತ್ಸಾರಕ್ಕೆ ಮುಲಾಮು ಎಲ್ಲಿ ಸಿಗುತ್ತದೋ. ಇಲ್ಲಿ ಸ್ಕ್ಯಾನ್ ಮಾಡಿದರೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಮಹಾಧಮನಿಯ ಗೋಡೆಯನ್ನೇ ಬ್ಯಾಕ್ಟೀರಿಯಾ ತಿಂದಿತ್ತು. ಗೋಡೆ ಬಲೂನಿನಂತೆ ಉಬ್ಬಿತ್ತು. ಒಡೆದರೆ ಕತೆ ಮುಗಿಯಿತು.

ಅವಸರದಲ್ಲಿ ಡ್ಯೂಟಿ ಡಾಕ್ಟರು ಆಂಟಿಬಯಾಟಿಕ್ ಹಿಡಿದು ಬಂದರು. ಈಕೆ ಅಡ್ಡ ನಿಂತರು. "ಐದು ನಿಮಿಷ ಸಾರ್, ಮೊದಲು ರಕ್ತ. ಔಷಧಿ ಒಳಗೆ ಹೋದ್ರೆ ಕಳ್ಳ ಅಡಗಿಕೊಳ್ತಾನೆ." ಎರಡು ತೋಳಿನ ರಕ್ತ, ಬೇರೆ ಬೇರೆ ಬಾಟಲಿ. ಎರಡರಲ್ಲೂ ಒಂದೇ ಕ್ರಿಮಿ ಸಿಕ್ಕಿಬಿತ್ತು, ಅಂದರೆ ಹೊರಗಿನಿಂದ ಸೇರಿದ್ದಲ್ಲ, ರಕ್ತದ್ದೇ. ಅದಕ್ಕೆ ತಕ್ಕ ಔಷಧಿ ಗೊತ್ತಾಯಿತು. ಸರ್ಜನ್ನರು ಕೊಳೆತ ಭಾಗ ಕತ್ತರಿಸಿ ಹೊಸ ನಾಳ ಹೊಲಿದರು. ಆಮೇಲೆ ಆರು ವಾರ ಡ್ರಿಪ್.

ಐದು ದಿನದ ಹಿಂದೆ ಮತ್ತೆ ಜ್ವರ. ಹೊಸ ನಾಳಕ್ಕೂ ಕ್ರಿಮಿ ಹತ್ತಿದ್ದರೆ ಇನ್ನೊಮ್ಮೆ ಎದೆ ಸೀಳಬೇಕು. ಅಂದು ಈಕೆ ತೆಗೆದ ರಕ್ತದ ಫಲಿತಾಂಶ ಇಂದು. ಡ್ರೈವರ್ ಹೆಂಡತಿ ಕಾಫಿ ಲೋಟ ಹಿಡಿದೇ ಕೂತಿದ್ದಾರೆ, ಕುಡಿದಿಲ್ಲ. ಹತ್ತು ಗಂಟೆಗೆ ಲ್ಯಾಬಿನಿಂದ ಚೀಟಿ ಬರುತ್ತದೆ. ಏನೂ ಬೆಳೆದಿಲ್ಲ. ಜ್ವರ ಬಂದದ್ದು ಡ್ರಿಪ್ ಸೂಜಿಯ ಜಾಗ ಬಾತುಕೊಂಡಿದ್ದಕ್ಕೆ, ಅಷ್ಟೇ. ನಾಳೆ ಮನೆಗೆ.

ಹೆಂಡತಿ ಈಕೆಯ ಎರಡೂ ಕೈ ಹಿಡಿದುಕೊಳ್ಳುತ್ತಾರೆ. "ನಿಮ್ಮ ಕೈಗುಣ, ಅಕ್ಕಾ."

ಬಿಡುಗಡೆಯ ಕಾಗದದಲ್ಲಿ ಆರು ಡಾಕ್ಟರರ ಹೆಸರಿದೆ. ಈಕೆಯದಿಲ್ಲ. ನೋಡಿದ ನನಗೆ ಮೈ ಉರಿಯುತ್ತದೆ. ನಿಮ್ಮ ಹೆಸರು ಯಾಕೆ ಬರೆದಿಲ್ಲ ಎಂದು ಕೇಳಿದರೆ ಈಕೆ ನಗುತ್ತಾರೆ.

"ನಂದ್ಯಾಕೆ? ಆ ಬಾಟಲೀಲಿ ಇದ್ದದ್ದೆಲ್ಲ ಆ ಡ್ರೈವರಣ್ಣಂದೇ. ನಂದು ಒಂದು ಚೂರೂ ಸೇರಿರ್ಲಿಲ್ಲ."