ಪಕ್ಕದ ಮನೆಗೆ ಹೋದ ಮೃದಂಗ

ಸ್ಪೀಕರಿನ ವೈರನ್ನು ಯಾರಾದರೂ ‘ವೈರು’ ಎಂದರೆ ನನಗೆ ಸಿಟ್ಟು ಬರುತ್ತಿತ್ತು. ತೀರಾ ಹಿಂದಿನ ಮಾತಲ್ಲ, ಕಳೆದ ದಸರೆಯದು. ವೈರು ಬಟ್ಟೆ ಒಣಗಿಸುವುದಕ್ಕೆ, ಸಂಗೀತಕ್ಕೆ ಕೇಬಲ್ಲು ಎಂದು ತಿದ್ದುತ್ತಿದ್ದೆ. ಈಗ ನೆನೆಸಿಕೊಂಡರೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಬನಶಂಕರಿಯ ನಮ್ಮ ಮನೆಯ ಹಾಲಿನಲ್ಲಿ ಒಂದು ಆಂಪ್ಲಿಫೈಯರು, ಎರಡು ಸ್ಪೀಕರುಗಳಿವೆ. ಅವಕ್ಕೆ ಎಸ್.ಪಿ. ರೋಡಿನಲ್ಲಿ ಮೀಟರು ಲೆಕ್ಕದಲ್ಲಿ ಕತ್ತರಿಸಿ ತಂದ ಕೆಂಪು-ಕಪ್ಪು ವೈರು ವರ್ಷಗಟ್ಟಲೆ ದುಡಿದಿತ್ತು. ನನ್ನ ಹೆಂಡತಿ ಸುಮ ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಸಂಜೆ ಪಾಠ ಮುಗಿದ ಮೇಲೆ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು. ಇಬ್ಬರೂ ಒಂದು ಕಚೇರಿ ಕೇಳುತ್ತಿದ್ದೆವು. ನಾವು ಜಗಳವಿಲ್ಲದೆ ಕಳೆದ ಹೊತ್ತೆಲ್ಲ ಹೆಚ್ಚುಕಡಿಮೆ ಅಷ್ಟೇ.

ಸುಖದಲ್ಲಿದ್ದವನಿಗೆ ಇಂಟರ್ನೆಟ್ಟಿನ ಚಟ ಹತ್ತಿತು. ತಾಮ್ರದಲ್ಲೂ ಜಾತಿ-ಕುಲ ಇದೆಯೆಂದು ಓದಿದೆ. ಹಿಂದಿನವರು ತಂಬೂರಿಯ ತಂತಿಯಡಿ ಒಂದೆಳೆ ನೂಲು ಸಿಕ್ಕಿಸಿ, ಅತ್ತಿತ್ತ ಸರಿಸಿ ನಾದಕ್ಕೆ ಜೀವ ಬರಿಸುತ್ತಿದ್ದರು. ಅದಕ್ಕೆ ಕಿವಿ ಬೇಕು. ನನಗೆ ಇದ್ದದ್ದು ಕ್ಯಾಟಲಾಗು. ಜಯನಗರದ ಅಂಗಡಿಯಾತ ಎರಡು ಕೇಬಲ್ಲುಗಳನ್ನು ಬದಲಿಸಿ ಬದಲಿಸಿ ಕೇಳಿಸಿ, “ಡಿಫರೆನ್ಸ್ ಗೊತ್ತಾಯ್ತಾ ಸಾರ್?” ಎಂದ. ನನಗೆ ಒಂದು ಚೂರೂ ಗೊತ್ತಾಗಿರಲಿಲ್ಲ. ಅಷ್ಟು ಗೌರವದಿಂದ ಕೇಳಿದವನಿಗೆ ಇಲ್ಲ ಎನ್ನುವುದು ಹೇಗೆ? ಕಣ್ಣು ಮುಚ್ಚಿ ತಲೆಯಾಡಿಸಿದೆ. ದುಬಾರಿಯದೇ ಮನೆಗೆ ಬಂತು.

ಆಯುಧಪೂಜೆಗೆ ಸ್ಕೂಟರಿನ ಜೊತೆ ಅದಕ್ಕೂ ಕುಂಕುಮ ಇಟ್ಟೆ. ಸಂಜೆ ಬಂದ ನೆಂಟರು, ಸ್ನೇಹಿತರನ್ನು ಕೂರಿಸಿ ಕಚೇರಿ ಹಾಕಿದೆ. ನಾದ ಹೇಗೆ ಗೋಡೆಯಿಂದ ಗೋಡೆಗೆ ಹರಡಿದೆ ನೋಡಿ ಎಂದು ಭಾಷಣವನ್ನೂ ಮಾಡಿದೆ. ಉಸಲಿ ಹಂಚುತ್ತಿದ್ದ ಸುಮ ನಿಂತು ಕೇಳಿ ಅಂದಳು:

“ರೀ, ಮೃದಂಗದೋರು ಪಕ್ಕದ ಮನೇಲಿ ಕೂತು ನುಡಿಸ್ತಿರೋ ಹಾಗಿದೆಯಲ್ರೀ.”

“ಮಕ್ಕಳಿಗೆ ಸರಳೆ ಹೇಳ್ಕೊಡೋ ಕಿವಿಗೆ ಇದೆಲ್ಲ ಗೊತ್ತಾಗಲ್ಲ ಬಿಡು,” ಎಂದೆ.

ಎಲ್ಲರೂ ನಕ್ಕರು. ಅವಳೂ ನಕ್ಕಂತೆ ಮಾಡಿ ಒಳಗೆ ಹೋದಳು. ಮರುದಿನದಿಂದ ಅವಳ ಕಾಫಿ ಅಡುಗೆಮನೆಯಲ್ಲೇ ಆಯಿತು. ನಾನು ಗೋಡೆಯಿಂದ ಗೋಡೆಗೆ ಹರಡಿದ ನಾದದ ನಡುವೆ ಒಬ್ಬನೇ ಕೂತೆ. ಬಾ ಎಂದು ಕರೆಯಲು ಬಿಗುಮಾನ.

ಎರಡು ತಿಂಗಳಾದ ಮೇಲೆ ಫ್ಯಾನು ರಿಪೇರಿಗೆಂದು ಜಯನಗರದ ಪಕ್ಕದ ಸಿದ್ದಾಪುರದಿಂದ ಎಲೆಕ್ಟ್ರಿಷಿಯನ್ ನಂಜುಂಡ ಬಂದ. ಏಣಿ ಇಡಲು ಸ್ಪೀಕರು ಸರಿಸಿದವನು ಅದರ ಬೆನ್ನು ನೋಡಿ, ಒಂದರಲ್ಲಿ ಪ್ಲಸ್ಸು ಮೈನಸ್ಸು ಉಲ್ಟಾ ಆಗಿದೆಯಲ್ಲ ಸಾರ್ ಎಂದ. ಹಳೆಯ ವೈರಿನಲ್ಲಿ ಕೆಂಪು, ಕಪ್ಪು ಎದ್ದು ಕಾಣುತ್ತಿದ್ದವು. ನನ್ನ ಕುಲೀನ ಕೇಬಲ್ಲಿನ ಎರಡು ಎಳೆಗೂ ಒಂದೇ ಬೂದುಬಣ್ಣ. ಒಂದರ ಮೇಲೆ ಕೂದಲೆಳೆಯಷ್ಟು ಬಿಳಿ ಗೆರೆ. ಕನ್ನಡಕ ಹಾಕದೆ ಸಿಕ್ಕಿಸಿದ್ದೆ. ಎರಡು ಸ್ಪೀಕರುಗಳೂ ಒಂದಕ್ಕೊಂದು ವಿರುದ್ಧವಾಗಿ ಉಸಿರಾಡುತ್ತಿದ್ದವು, ಒಂದು ತಳ್ಳಿದ ಮೃದಂಗದ ಪೆಟ್ಟನ್ನು ಇನ್ನೊಂದು ನುಂಗುತ್ತಿತ್ತು, ನಾನು ಅದನ್ನು ವೈಶಾಲ್ಯ ಎಂದು ಕೊಂಡಾಡುತ್ತಿದ್ದೆ.

ಅವನು ಹೋದ ಮೇಲೆ ಸರಿಮಾಡಿ ಕಚೇರಿ ಹಾಕಿದೆ. ಒದ್ದೆ ಕೈಯಲ್ಲೇ ಸುಮ ಬಾಗಿಲಿಗೆ ಬಂದಳು. “ಮೃದಂಗ ವಾಪಸ್ ಬಂತಲ್ಲ!”

ಕ್ಷಮೆ ಕೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ನಾನು ಹೇಳಿದ್ದೇನು? “ಹೊಸ ಕೇಬಲ್ ಪಳಗೋಕೆ ಸ್ವಲ್ಪ ದಿನ ಬೇಕು ಕಣೆ.” ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

“ನಂಜುಂಡ ಹೋಗ್ತಾ ನನಗೂ ಹೇಳಿದ,” ಎಂದಳು. “ನೀವೇ ಹೇಳ್ತೀರೇನೋ ಅಂತ ಕಾದೆ.”

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಂಗೀತ ನಿಲ್ಲಿಸಿ, ತಪ್ಪಾಯ್ತು ಎಂದೆ.

“ನನಗೊಬ್ಬಳಿಗೆ ಹೇಳಿದ್ರೆ ಏನು ಬಂತು? ಅವತ್ತು ನಕ್ಕೋರಿಗೂ ಹೇಳಿ,” ಎಂದು ಒಳಗೆ ಹೋದಳು.

ನ್ಯಾಯವಾದ ಮಾತೇ. ಅದಕ್ಕೇ ಈ ಭಾನುವಾರ ಅವರನ್ನೆಲ್ಲ ಮತ್ತೆ ಕರೆದಿದ್ದೇನೆ. ಏನು ವಿಶೇಷ, ಹೊಸ ಸ್ಪೀಕರು ಬಂತಾ ಎಂದು ಒಬ್ಬೊಬ್ಬರೂ ಫೋನಿನಲ್ಲೇ ಕೇಳಿದರು. ಇಲ್ಲ, ನಮ್ಮನೆಯಲ್ಲಿ ಇಷ್ಟು ವರ್ಷ ಒಂದು ಒಳ್ಳೆಯ ಕಿವಿ ಇತ್ತು, ನನಗೆ ಈಗ ಗೊತ್ತಾಯಿತು, ಅದನ್ನು ಹೇಳಬೇಕಿತ್ತು ಎಂದೆ.