ಹಗ್ಗದಕ್ಕ ಕೂತು ನೋಡಿದ ಗೋಡೆ

ನಮ್ಮ ಬೀದಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಶಾಲೆಯಲ್ಲಿ ದಿನವೂ ಹಾಜರಿ ಕೂಗಿದ ನನಗೆ ನೆನಪಿದೆ. ಆದರೂ ನಾನೂ ಈಗ ಎಲ್ಲರಂತೆ ಹಗ್ಗದಕ್ಕ ಎಂದೇ ಕರೆಯುತ್ತೇನೆ. ಅವಳ ಗಂಡ ಮೇಸ್ತ್ರಿ. ಮನೆಗಳ ಹೊರಗೆ ಹೀಟ್ ಪಂಪಿನ ಪೆಟ್ಟಿಗೆ ಕೂರಿಸುವುದು ಅವರಿಬ್ಬರ ಕಸುಬು. ಚಳಿಗಾಲದ ಗಾಳಿಯಲ್ಲಿ ಅಷ್ಟಿಷ್ಟು ಉಳಿದಿರುವ ಶಾಖವನ್ನೇ ಹಿಂಡಿ ತಂದು ಕೋಣೆಗೆ ಬಿಡುವ ಯಂತ್ರ ಅದು. ಕೋಣೆಯೊಳಗಿನ ಭಾಗ ಹಗುರ. ಹೊರಗಿನ ಪೆಟ್ಟಿಗೆ ಮಾತ್ರ ಇಬ್ಬರು ಸೇರಿ ಎತ್ತಿದರೂ ಉಸಿರು ಕಟ್ಟುವಷ್ಟು ಭಾರ. ಅದನ್ನು ಗೋಡೆಗೆ ಏರಿಸುವಾಗ ಮೇಸ್ತ್ರಿ ಏಣಿಯ ಮೇಲಿರುತ್ತಾನೆ, ಇವಳು ಹಗ್ಗ ಹಿಡಿದು ಕೆಳಗಿರುತ್ತಾಳೆ.

ಚಿಕ್ಕವಳಿದ್ದಾಗ ಅವಳು ಕೂರುತ್ತಿದ್ದುದು ಕೊನೆಯ ಬೆಂಚಿನಲ್ಲಿ. ಆ ಬೆಂಚಿನ ಒಂದು ಕಾಲು ಸಡಿಲವಾಗಿತ್ತು. ಉಳಿದ ಮಕ್ಕಳು ದಬಕ್ಕನೆ ಕೂತು ದಬಕ್ಕನೆ ಬೀಳುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಇವಳು ಮಾತ್ರ ಎರಡೂ ಕೈಯಲ್ಲಿ ಬೆಂಚನ್ನು ಅಲ್ಲಾಡಿಸಿ ನೋಡಿ, ಆಮೇಲೆ ಕೂರುತ್ತಿದ್ದಳು. ನಾನು ಪಾಠ ನಿಲ್ಲಿಸಿ ಕಾಯುತ್ತಿದ್ದೆ. ಅವಳಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ.

ಓದು ಮುಗಿಸಿ ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸಕ್ಕೆ ಸೇರಿದಳು. ಒದ್ದೆ ಹಾಸಿಗೆ ಬಟ್ಟೆಗಳನ್ನು ಎತ್ತಿ ಹಿಂಡಿ ತೋಳುಗಳು ಗಟ್ಟಿಯಾದವು. ಮದುವೆಯಾದ ಮೇಲೆ ಒಮ್ಮೆ, ಮೇಸ್ತ್ರಿಯ ಜೊತೆ ಹಗ್ಗ ಹಿಡಿಯುತ್ತಿದ್ದವನು ಕೈಕೊಟ್ಟ. ಒಂದು ದಿನದ ಮಟ್ಟಿಗೆ ಬಾ ಎಂದು ಇವನು ಹೆಂಡತಿಯನ್ನು ಕರೆದ. "ಆ ಒಂದು ದಿನ ಇನ್ನೂ ಮುಗಿದಿಲ್ಲ ಮೇಷ್ಟ್ರೇ" ಎನ್ನುತ್ತಾಳೆ.

ಅವರ ಕೆಲಸದಲ್ಲಿ ಒಂದು ಕಟ್ಟಳೆಯುಂಟು. ಬೋಲ್ಟು ಬಿಗಿದವರು ಅದನ್ನು ಪರೀಕ್ಷೆ ಮಾಡಬಾರದು. ಕೆಲವು ವರ್ಷಗಳ ಹಿಂದೆ ಮೇಸ್ತ್ರಿ ತಾನೇ ಬಿಗಿದು ತಾನೇ ಅಲ್ಲಾಡಿಸಿ ನೋಡಿ ಸರಿಯಿದೆ ಎಂದಿದ್ದ, ಪೆಟ್ಟಿಗೆ ಹೊರುವ ಕಬ್ಬಿಣದ ಬ್ರಾಕೆಟ್ ಗೋಡೆಯಿಂದ ಕಿತ್ತುಬಂದಿತ್ತು. ಅದರ ಜೊತೆಗೆ ಅವನೂ ಕೆಳಗೆ ಬಂದ. ಬಲ ಭುಜ ಮುರಿಯಿತು. "ಬಿಗಿದ ಕೈಗೆ ತನ್ನ ಕೆಲಸ ಯಾವಾಗ್ಲೂ ಸರಿಯಾಗೇ ಕಾಣುತ್ತೆ" ಎಂದು ಹಗ್ಗದಕ್ಕ ಅಂದೇ ತೀರ್ಮಾನಿಸಿದಳು. ಆಮೇಲಿಂದ ಮೇಸ್ತ್ರಿ ಬ್ರಾಕೆಟ್ ಬಿಗಿದೊಡನೆ ಅವಳು ಅದಕ್ಕೆ ಹಗ್ಗ ಕಟ್ಟಿಸುತ್ತಾಳೆ. ತಲೆಗೆ ಹೆಲ್ಮೆಟ್ ಹಾಕಿ, ಗೋಡೆಯಿಂದ ಸಾಕಷ್ಟು ದೂರ ಓರೆಯಾಗಿ ನಿಂತು, ಹಗ್ಗದ ತುದಿಯನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿ, ಕುರ್ಚಿಯಲ್ಲಿ ಕೂತ ಹಾಗೆ ಹಿಂದಕ್ಕೆ ಕೂತುಬಿಡುತ್ತಾಳೆ. ಕೆಳಗೆ ಕುರ್ಚಿಯಿಲ್ಲ, ಏನೂ ಇಲ್ಲ; ಮೈಭಾರವೆಲ್ಲ ಆ ಬ್ರಾಕೆಟ್ಟಿನ ಮೇಲೆ. ದಾರಿಯಲ್ಲಿ ಹೋಗುವವರು ನಿಂತು ನೋಡಿ ನಗುತ್ತಾರೆ. ಅವಳ ಮುಖದಲ್ಲಿ ನಗು ಇರುವುದಿಲ್ಲ. ಅವಳು ಎದ್ದು "ಹೂಂ" ಎಂದ ಮೇಲೆಯೇ ಪೆಟ್ಟಿಗೆ ಮೇಲೇರುವುದು.

ಈ ಸಲ ಚಳಿ ಶುರುವಾಗುವ ಮೊದಲೇ ನಮ್ಮ ಮನೆಯ ಹಳೆಯ ಹೀಟರು ಕೈಯೆತ್ತಿತು. ಮನೆಯಲ್ಲಿರುವುದು ನಾನು ಮತ್ತು ನನ್ನ ಅಕ್ಕ. ಅಕ್ಕನ ಮೊಣಕಾಲುಗಳಿಗೆ ಚಳಿ ಎಂದರೆ ಆಗದು. ಹೀಟ್ ಪಂಪ್ ಹಾಕಿಸೋಣವೆಂದು ಇಬ್ಬರೂ ಒಪ್ಪಿದೆವು. ಎಲ್ಲಿ ಹಾಕಿಸುವುದು ಎಂಬಲ್ಲಿ ಮಾತು ನಿಂತಿತು.

ಜಾಗ ಅಳೆಯಲು ಹಗ್ಗದಕ್ಕ ಒಬ್ಬಳೇ ಬಂದಳು. ಅಳೆದಾದ ಮೇಲೆ ಅಡುಗೆಮನೆಯಲ್ಲಿ ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೂತಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಮೇಷ್ಟ್ರೇ, ಪೆಟ್ಟಿಗೆ ಅಂಗಳದಲ್ಲೇ, ನೆಲದ ಮೇಲೇ ಇರ್ಲಿ ಅಂತ ನೀವೇ ಹೇಳ್ಬಿಡಿ."

"ಯಾಕಮ್ಮಾ?"

"ಇವರ ಬಲಗೈ ಭುಜದಿಂದ ಮೇಲಕ್ಕೆ ಏಳ್ತಿಲ್ಲ. ಬೆಳಗ್ಗೆ ಅಂಗಿ ತೋಳಿಗೆ ಕೈ ತೂರಿಸೋವಾಗ ಗೋಡೆ ಕಡೆ ತಿರುಗಿ ನಿಲ್ತಾರೆ, ನಾನು ನೋಡಬಾರದು ಅಂತ. ನಾನು ಪಾತ್ರೆ ತೊಳೀತಾ ಇರೋ ಹಾಗೆ ಮಾಡ್ತೀನಿ."

"ಏಣಿ ಹತ್ತಬೇಡ ಅಂತ ಹೇಳಬಾರದೇ?"

"ಹೇಳಿದೆ. ಗೋಡೆ ಬಿಟ್ಟರೆ ನಾನು ಯಾವ ಸೀಮೆ ಮೇಸ್ತ್ರಿ ಅಂದ್ರು. ಆಮೇಲೆ ಮಾತೇ ಇಲ್ಲ, ಬರೀ ಕೆಮ್ಮು. ಇನ್ನೊಂದು ಸಲ ಬಿದ್ರೆ ಎತ್ತೋಕೆ ನನಗೂ ಕೈಲಾಗಲ್ಲ ಮೇಷ್ಟ್ರೇ. ಹಾಗಂತ ನಾನು ಎಳೆದು ಇಳಿಸಿದ್ರೆ ಮನೆ ಮೂಲೇಲಿ ಮುದುಡಿಕೊಂಡು ಕೂತ್ಬಿಡ್ತಾರೆ. ಅವರಾಗೇ ಇಳೀಬೇಕು."

ನಾನು ಆ ಸಂಜೆಯೇ ಅಕ್ಕನ ಬಳಿ ಮಾತೆತ್ತಿದೆ. ಅವಳು ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು.

"ಅಂಗಳದಲ್ಲಿ ಆ ಡಬ್ಬ ಇಟ್ಟರೆ ಬಟ್ಟೆ ಎಲ್ಲಿ ಒಣಗಿಸ್ಲಿ? ನಿನ್ನ ತಲೆ ಮೇಲಾ? ತಲೆಯಲ್ಲಿ ಕೂದಲೂ ಇಲ್ಲ, ಜಾಗ ಇದೆ, ನಿಜ."

ಮಾರನೆಯ ದಿನ ಫೋನಿನಲ್ಲಿ ಮೇಸ್ತ್ರಿಯೂ ಅವಳ ಕಡೆಗೇ ಸೇರಿದ. "ಅಕ್ಕ ಹೇಳೋದೇ ಸರಿ. ಗೋಡೆಗೇ ಹಾಕೋಣ. ಯಾರ ಕಾಲಿಗೂ ಸಿಗಲ್ಲ" ಎಂದ. ನನ್ನ ಮಾತು ಅಲ್ಲಿಗೆ ಬಿತ್ತು.

ಅವರು ಬಂದ ದಿನ ಮೋಡ ಕವಿದಿತ್ತು. ಬೇರೊಂದು ಮನೆಯ ಕೆಲಸ ಮುಗಿಸಿಯೇ ಬಂದಿದ್ದರು; ಹಗ್ಗದಕ್ಕನ ಕೂದಲಲ್ಲಿ ಸುಣ್ಣದ ಪುಡಿ ಕೂತಿತ್ತು. ಅವಳು ಮೊದಲು ಮೀಟರ್ ಹತ್ತಿರ ಹೋಗಿ ಕರೆಂಟ್ ತೆಗೆದು, ಮೀಟರಿನ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಇಳಿಸಿದಳು. ಯಾರಾದರೂ ತಿಳಿಯದೆ ಹಾಕಿಬಿಟ್ಟರೆ ಎಂಬ ಭಯ. ಅಕ್ಕ ರೇಡಿಯೋ ಕೇಳಬೇಕೆಂದಾಗಲೂ ಕೀಲಿ ಹೊರಗೆ ಬರಲಿಲ್ಲ.

ಮೇಸ್ತ್ರಿ ಏಣಿ ಆನಿಸಿ, ಮೇಲ್ತುದಿಯನ್ನು ಕಟ್ಟಿ, ಸೊಂಟದ ಕೊಕ್ಕೆಯನ್ನು ಸಿಕ್ಕಿಸಿಕೊಂಡು ಹತ್ತಿದ. ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಹತ್ತಿದ. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ.

"ಈ ಗೋಡೆಗೆ ಆನೆ ಕಟ್ಟಬಹುದು ಅಕ್ಕಾ."

ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಮತ್ತಿನ್ನೇನು? ನಮ್ಮಪ್ಪ ಬಿಸಿಲಲ್ಲಿ ನಿಂತು ಕಟ್ಟಿಸಿದ್ದು."

ಬ್ಯಾಟರಿ ಡ್ರಿಲ್ಲಿನ ಬಾಯಿಂದ ಕೆಂಪು ಇಟ್ಟಿಗೆಯ ಪುಡಿ ಒಂದೇ ಸಮನೆ ಸುರಿಯಿತು. ಎಲ್ಲಿಯೂ ಪೊಳ್ಳಿನ ಸದ್ದಿಲ್ಲ. ತೂತಿಗೆ ಬೋಲ್ಟು ಹೊಡೆದು, ಬ್ರಾಕೆಟ್ ಸಿಕ್ಕಿಸಿ, ಅವನು ಸ್ಪ್ಯಾನರ್ ಹಿಡಿದು ಬಿಗಿಯತೊಡಗಿದ. ಬಲಗೈಯಲ್ಲಿ ಒಂದು ಸುತ್ತು. ಕೈ ಕೆಳಗಿಳಿಯಿತು. ಎಡಗೈಗೆ ಬದಲಾಯಿಸಿದ. ಮತ್ತೆ ಬಲಗೈ, ಮೊಣಕೈಯನ್ನು ಗೋಡೆಗೆ ಒತ್ತಿಕೊಂಡು. ಕೊನೆಯಲ್ಲಿ ನಮಗೆ ಬೆನ್ನು ಬರುವಂತೆ ಮೈ ತಿರುಗಿಸಿಕೊಂಡ. ಕೆಳಗೆ ಹಗ್ಗದಕ್ಕ ಹಗ್ಗದ ಸಿಕ್ಕು ಬಿಡಿಸುತ್ತಿದ್ದಳು. ಆ ಹಗ್ಗದಲ್ಲಿ ಸಿಕ್ಕೇ ಇರಲಿಲ್ಲ.

"ಆಯ್ತು, ನೋಡು" ಎಂದ ಮೇಸ್ತ್ರಿ. ಹಗ್ಗ ಕಟ್ಟಿ, ಏಣಿಯನ್ನು ತಬ್ಬಿಕೊಂಡು ಆಚೆ ಮಗ್ಗುಲಿಗೆ ಸರಿದು ನಿಂತ.

ಅವಳು ಹಿಂದೆ ಸರಿದು, ಹಗ್ಗವನ್ನು ಪಟ್ಟಿಗೆ ಸಿಕ್ಕಿಸಿ, ಕೂತಳು.

ಕರ್ ಎಂದು ಸದ್ದಾಯಿತು. ಒಂದು ಚಿಟಿಕೆ ಪುಡಿ ಉದುರಿತು. ಬ್ರಾಕೆಟ್ ಒಂದು ಬದಿಗೆ ವಾಲಿ, ಮೇಲಿನ ಬೋಲ್ಟು ನಾಲಿಗೆ ಚಾಚಿದ ಹಾಗೆ ಬೆರಳಗಲ ಹೊರಗೆ ಬಂತು. ಅವಳು ತಟ್ಟನೆ ಕಾಲೂರಿ ನಿಂತಳು. ಅವಳಿಗೆ ಏನೂ ಆಗಲಿಲ್ಲ. ಆದರೆ ಆ ಹೊತ್ತಿನಲ್ಲಿ ಪೆಟ್ಟಿಗೆ ಅದರ ಮೇಲಿದ್ದಿದ್ದರೆ ಎಂದು ಮೂವರೂ ಯೋಚಿಸಿದೆವು.

"ಏನಾಯ್ತೇ?" ಎಂದು ಅಕ್ಕ ಮತ್ತೆ ಕಿಟಕಿಗೆ ಬಂದಳು.

ಹಗ್ಗದಕ್ಕ ಬೋಲ್ಟಿನ ಕಡೆ ನೋಡಿದಳು, ಗಂಡನ ಬೆನ್ನಿನ ಕಡೆ ನೋಡಿದಳು. "ಗೋಡೆ ಸರಿಯಿಲ್ಲ ಅಕ್ಕಾ. ಹಳೇದು, ಒಳಗೆಲ್ಲಾ ಪೊಳ್ಳು. ಪೆಟ್ಟಿಗೆ ನೆಲದ ಮೇಲೇ ಕೂರಿಸ್ಬೇಕು."

"ಈಗ ತಾನೇ ಆನೆ ಕಟ್ಟಬಹುದು ಅಂದ್ರಲ್ಲ. ಎಲ್ಲಿ ಹೋಯ್ತು ಆನೆ?"

"ಅದು ನಿಮ್ಮ ಸಮಾಧಾನಕ್ಕೆ ಹೇಳಿದ್ದು."

"ನಮ್ಮಪ್ಪ ಪೊಳ್ಳು ಗೋಡೆ ಕಟ್ಟಿಸಿದ್ರು ಅಂತೀಯಾ? ನೀನು ಹುಟ್ಟೋಕೆ ಮೊದಲು ನಿಂತಿರೋ ಗೋಡೆ ಇದು."

"ಗೋಡೆಗೂ ವಯಸ್ಸಾಗುತ್ತೆ ಅಕ್ಕಾ" ಎಂದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಕಿವಿಯವರೆಗೂ ಕೆಂಪಗಾಗಿದ್ದಳು. ಕೆಂಪು ಪುಡಿ, ಗಟ್ಟಿ ಇಟ್ಟಿಗೆಯ ಪುಡಿ, ಗೋಡೆಯ ಬುಡದಲ್ಲೇ ರಾಶಿ ಬಿದ್ದಿತ್ತು. ನಾನು ಅದರ ಮೇಲೆ ಕಾಲಿಟ್ಟು ನಿಂತೆ.

ಏಣಿಯ ಮೇಲೆ ಮೇಸ್ತ್ರಿ ಗೋಡೆಗೆ ಹಣೆಯಿಟ್ಟಿದ್ದ. ಅವನು ಗೋಡೆಯನ್ನು ಬೈದು, ನನಗೂ ಹಾಗೇ ಅನಿಸಿತು ಎಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅಕ್ಕ ಗೊಣಗಿ ಒಪ್ಪುತ್ತಿದ್ದಳು. ಮಾರನೆಯ ದಿನ ಅವನು ಇನ್ನೊಂದು ಗೋಡೆ ಹತ್ತುತ್ತಿದ್ದ.

"ಇವಳೇ" ಎಂದ, ಹಣೆ ಎತ್ತದೆ. "ಕೂತು ನೋಡಿದ ಮೇಲೆ ನೀನು ಸುಳ್ಳು ಹೇಳಬಾರದು ಕಣೇ. ಆಮೇಲೆ ನಾನು ಯಾರನ್ನ ನಂಬ್ಲಿ?"

ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದ.

"ಗೋಡೆ ಚೆನ್ನಾಗಿದೆ ಅಕ್ಕಾ. ನಿಮ್ಮಪ್ಪ ಚೆನ್ನಾಗೇ ಕಟ್ಟಿಸಿದ್ದಾರೆ. ನನ್ನ ಕೈ ಸರಿಯಿಲ್ಲ. ಬಿಗಿಯೋಕಾಗ್ಲಿಲ್ಲ."

ಹೀಗೆಂದು ಕೊಕ್ಕೆ ಬಿಚ್ಚಿ ಇಳಿಯತೊಡಗಿದ. ಹಗ್ಗದಕ್ಕ ಏಣಿಯ ಬುಡವನ್ನು ಹಿಡಿದುಕೊಂಡಳು. ಅವನ ಕಾಲು ನೆಲ ಮುಟ್ಟುವವರೆಗೂ ತಲೆಯೆತ್ತಲಿಲ್ಲ. ಇಳಿದವನು ಅಂಗಳದ ಮೆಟ್ಟಿಲ ಮೇಲೆ ಕೂತು ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ, ಬೇರೆ ಯಾರದೋ ವಸ್ತುವನ್ನು ಜೋಪಾನ ಮಾಡುವ ಹಾಗೆ.

ಅಕ್ಕ ಕಿಟಕಿ ಬಿಟ್ಟು ಹೊರಗೆ ಬಂದಳು. ತಂತಿಯ ಮೇಲಿದ್ದ ಟವೆಲ್ಲುಗಳನ್ನು ಒಂದೊಂದಾಗಿ ತೆಗೆದು ಹೆಗಲಿಗೆ ಹಾಕಿಕೊಂಡಳು.

"ಕೋಣೆ ಬೆಚ್ಚಗಾದ ಮೇಲೆ ಬಟ್ಟೆ ಒಳಗೇ ಒಣಗುತ್ತಲ್ಲ. ಇಷ್ಟು ಹೊತ್ತು ಯಾರಿಗೂ ಹೊಳೀಲಿಲ್ಲ, ಮೇಷ್ಟ್ರ ಸಮೇತ" ಎಂದು ಒಳಗೆ ಹೋದಳು.

ಜಾಗ ಹುಡುಕಿದ್ದು ಹಗ್ಗದಕ್ಕ. ಪಕ್ಕದ ಮನೆಯವರ ಮಲಗುವ ಕೋಣೆಯ ಕಿಟಕಿಗೆ ಸದ್ದು ಹೋಗಬಾರದೆಂದು ಆಚೆ ಮೂಲೆಯನ್ನು ಆರಿಸಿದಳು. ಎರಡು ಸಿಮೆಂಟ್ ದಿಮ್ಮಿಗಳನ್ನು ಇಟ್ಟು, ರಸಮಟ್ಟ ಹಿಡಿದು ಸಮ ಮಾಡಿದಳು. ಪೆಟ್ಟಿಗೆ ನಡುಗಿದರೂ ಸದ್ದು ನೆಲಕ್ಕಿಳಿಯದಂತೆ ಕಾಲುಗಳ ಕೆಳಗೆ ರಬ್ಬರ್ ಇಟ್ಟಳು. ಹಿಂದೆ ಗಾಳಿ ಆಡಲು ಜಾಗ ಬಿಟ್ಟಳು. ಚಳಿಯಲ್ಲಿ ಅದರಿಂದ ತೊಟ್ಟಿಕ್ಕುವ ನೀರು ನಡೆಯುವ ದಾರಿಗೆ ಬಂದು ಹೆಪ್ಪುಗಟ್ಟಿದರೆ ಅಕ್ಕ ಜಾರಿ ಬೀಳುತ್ತಾಳೆಂದು, ಒಂದು ಕೊಳವೆಯನ್ನು ಚರಂಡಿಯವರೆಗೂ ಎಳೆದಳು. ಪೆಟ್ಟಿಗೆಯನ್ನು ಎತ್ತಿಡಲು ಮೇಸ್ತ್ರಿ ಎಡಗೈ ಕೊಟ್ಟ, ನಾನು ಎರಡೂ ಕೈ ಕೊಟ್ಟೆ; ಅವನ ಒಂದು ಕೈಯೇ ಹೆಚ್ಚು ಕೆಲಸಕ್ಕೆ ಬಂತು.

ಬೋಲ್ಟುಗಳನ್ನು ಅವಳು ಬಿಗಿದಳು. ಬಿಗಿದು ಎದ್ದು, ಸ್ಪ್ಯಾನರ್ ಹಿಡಿದುಕೊಂಡು ಸುಮ್ಮನೆ ನಿಂತಳು. ಮೇಸ್ತ್ರಿ ಮೆಟ್ಟಿಲ ಮೇಲೇ ಇದ್ದ.

"ಬನ್ನಿ ರೀ. ಬಿಗಿದೋಳು ನಾನೇ ನೋಡೋ ಹಾಗಿಲ್ಲ."

ಅವನು ಎದ್ದು ಬಂದ. ಪೆಟ್ಟಿಗೆಗೆ ಎಡಗೈಯೂ ಮೊಣಕಾಲೂ ಕೊಟ್ಟು ಅಲ್ಲಾಡಿಸಿದ. ಆಚೆ ಹೋಗಿ ಬೆನ್ನು ಕೊಟ್ಟು ತಳ್ಳಿದ. ಬಹಳ ಹೊತ್ತು ತೆಗೆದುಕೊಂಡ.

"ಹಿಂದಿನ ಬಲಗಡೆ ಕಾಲು. ಇನ್ನೊಂದು ಚೂರು."

"ಬೇಕಂತಲೇ ಹೇಳ್ತಿದ್ದೀರಾ?"

"ಇಲ್ಲ ಕಣೇ. ನಿಜವಾಗ್ಲೂ ಸಡಿಲ ಇದೆ."

ಅವಳು ಸ್ಪ್ಯಾನರ್ ಹಾಕಿದಳು. ಅರ್ಧ ಸುತ್ತು ತಿರುಗಿತು. ಅವನು ಮತ್ತೆ ಅಲ್ಲಾಡಿಸಿ "ಹೂಂ" ಎಂದ. ತಾಮ್ರದ ಕೊಳವೆಗಳನ್ನು ಜೋಡಿಸಿ, ಒಳಗೆ ಒತ್ತಡದಲ್ಲಿ ಅನಿಲ ತುಂಬಿದ ಮೇಲೆ ಅವಳು ಬೆಸುಗೆಗಳಿಗೆ ಸೋಪಿನ ನೊರೆ ಹಚ್ಚಿದಳು; ಎಲ್ಲಾದರೂ ಸೋರಿ ಗುಳ್ಳೆ ಏಳುತ್ತದೆಯೇ ಎಂದು ಅವನು ಕನ್ನಡಕ ಹಾಕಿ, ನೆಲದ ಮೇಲೆ ಕುಕ್ಕರಿಸಿ, ಅಲುಗದೆ ನೋಡಿದ. ಗುಳ್ಳೆ ಏಳಲಿಲ್ಲ. ಕೊಳವೆಯೊಳಗಿನ ಗಾಳಿಯನ್ನು ಬ್ಯಾಟರಿಯ ಯಂತ್ರದಿಂದ ಎಳೆದು ತೆಗೆದರು. ಮೀಟರಿನಿಂದ ಇದಕ್ಕೇ ಬೇರೆ ತಂತಿ, ಪೆಟ್ಟಿಗೆಯ ಪಕ್ಕದಲ್ಲೇ ಬೇರೆ ಸ್ವಿಚ್ಚು. ಎಲ್ಲ ಮುಗಿದ ಮೇಲೆಯೇ ಜೇಬಿನ ಕೀಲಿ ಹೊರಗೆ ಬಂದದ್ದು.

ಬಿಸಿಗಾಳಿ ಕೋಣೆಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಅಕ್ಕ ಕೊಟ್ಟ ಚಹಾ ಆರುತ್ತಿದ್ದರೂ ಯಾರೂ ಲೋಟ ಎತ್ತಲಿಲ್ಲ.

"ನಾಳೆ ಆ ಎತ್ತರದ ಮನೆ ಇದೆ" ಎಂದ ಮೇಸ್ತ್ರಿ.

"ಗೊತ್ತು."

"ಬರೋಕಾಗಲ್ಲ ಅಂತ ನೀನೇ ಹೇಳು."

"ನಾನು ಹೇಳಲ್ಲ."

ಅವನು ಎಡಗೈಯಲ್ಲಿ ಫೋನು ತೆಗೆದು, ಬಹಳ ಹೊತ್ತು ಅದನ್ನೇ ನೋಡುತ್ತ ಕೂತು, ಕೊನೆಗೆ ಕಿವಿಗಿಟ್ಟ. "ಸ್ವಾಮಿ, ಗೋಡೆಗೆ ಬೇರೆಯವರನ್ನ ನೋಡ್ಕೊಳ್ಳಿ. ನಾನು ಹತ್ತೋದು ಬಿಟ್ಟಿದ್ದೀನಿ. ನೆಲದ ಮೇಲಾದ್ರೆ ಬರ್ತೀವಿ." ಆ ಕಡೆಯವರು ಏನೋ ಕೇಳಿದರು. "ಇವತ್ತಿನಿಂದ" ಎಂದ.

ಹಗ್ಗದಕ್ಕ ಎದ್ದು ಹಗ್ಗವನ್ನು ಸುತ್ತತೊಡಗಿದಳು. ಚಳಿ ಏರುತ್ತಿತ್ತು. ಮೇಸ್ತ್ರಿ ಏಣಿಯ ಮೇಲೆ ನೇತುಹಾಕಿದ್ದ ತನ್ನ ಕೋಟನ್ನು ತೆಗೆದುಕೊಂಡ. ಎಡಗೈ ಸಲೀಸಾಗಿ ಹೋಯಿತು. ಒಂದು ಗಳಿಗೆ ಗೋಡೆಯ ಕಡೆ ನೋಡಿದ. ಆಮೇಲೆ ಅವಳ ಕಡೆಗೇ ತಿರುಗಿ, ಕೋಟಿನ ಜೋತುಬಿದ್ದ ಬಲತೋಳನ್ನು ತೋರಿಸುತ್ತ ನಿಂತ. ಅವಳು ಹಗ್ಗವನ್ನು ಕೆಳಗಿಟ್ಟು, ತೋಳಿನ ಬಾಯಿಯನ್ನು ಅಗಲಿಸಿ ಹಿಡಿದಳು.