ಹಗ್ಗದ ಈಚೆ ನಿಂತು ಕೇಳಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಡ್ಡದ ಮೇಲಿನ ಪಾರ್ಕಿನಲ್ಲಿ, ಕೆಳಗಿನ ಕೆರೆ ಪೂರ್ತಿ ಕಾಣುವ ಒಂದೇ ಒಂದು ಜಾಗದಲ್ಲಿ, ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ಈ ಜಾಗದಲ್ಲಿ ಮಂಡಿಯೂರುವವರಿಗೇನೂ ಕೊರತೆಯಿಲ್ಲ. ಆದರೆ ಇವರೆದುರು ಯಾರೂ ನಿಂತಿಲ್ಲ, ಇವರ ಕೈಯಲ್ಲಿ ಉಂಗುರವೂ ಇಲ್ಲ. ಮಣ್ಣಿನಲ್ಲಿ ಕಲೆತುಹೋದ ಮಿಂಚುಕಾಗದದ ಚೂರುಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಹೆಕ್ಕಿ ಹೆಕ್ಕಿ ಬಕೆಟ್ಟಿಗೆ ಹಾಕುತ್ತಿದ್ದಾರೆ. ಒಂದೊಂದು ಚೂರಿಗೂ ಒಂದೊಂದು ಬೈಗುಳ.

"ನಿನ್ನೆ ಸಾಯಂಕಾಲ ಯಾವನೋ ಪುಣ್ಯಾತ್ಮ ಇದನ್ನ ಡಬ್ ಅಂತ ಹಾರಿಸಿದಾನೆ ಸಾರ್. ಅವಳು ಒಪ್ಪಿದ್ಲಂತೆ, ಇವನಿಗೆ ಖುಷಿಯಂತೆ. ಖುಷಿ ಆದ್ರೆ ಮನೆಗೆ ಹೋಗಿ ಹಾರಿಸ್ಲಿ. ಇದು ಪೊರಕೆಗೂ ಬರಲ್ಲ, ನೀರು ಬಿಟ್ಟರೂ ಹೋಗಲ್ಲ. ಮಣ್ಣಿಗೆ ಅಂಟ್ಕೊಂಡು ನನ್ನ ಜೀವ ತಿನ್ನತ್ತೆ."

ಇವರು ಈ ಪಾರ್ಕಿನ ಮಾಲಿ. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುವುದರಿಂದ ಗೇಟಿನವರಿಂದ ಹಿಡಿದು ವಾಕಿಂಗಿಗೆ ಬರುವ ಹಿರಿಯರವರೆಗೆ ಎಲ್ಲರ ಬಾಯಲ್ಲೂ 'ಸೀಟಿಯಕ್ಕ'. ನಿಜ ಹೇಳಬೇಕೆಂದರೆ ನಾನು ಹುಡುಕಿಕೊಂಡು ಬಂದದ್ದು ಇವರನ್ನಲ್ಲ. ಯಾರೋ ಒಬ್ಬರು ಇಲ್ಲಿ ಪ್ರಪೋಸ್ ಮಾಡಿದ ಫೋಟೋ ಊರೆಲ್ಲ ಹರಿದಾಡಿದ ಮೇಲೆ ಪ್ರೇಮಿಗಳೆಲ್ಲ ಇಲ್ಲಿಗೇ ಮುಗಿಬೀಳುತ್ತಿದ್ದಾರೆ, ವಾರಾಂತ್ಯದ ಪುರವಣಿಗೆ ಅದರ ಬಗ್ಗೆ ಏನಾದರೂ ಸಿಹಿಸಿಹಿಯಾಗಿ ಬರೆಯಿರಿ ಎಂದು ನಮ್ಮ ಸಂಪಾದಕರು ಕಳಿಸಿದ್ದರು. ಬಂದ ಮೊದಲ ದಿನವೇ ಹುಲ್ಲುಹಾಸಿನ ಮೇಲೆ ಕಾಲಿಟ್ಟು ಸೀಟಿ ಊದಿಸಿಕೊಂಡೆ. ಸಿಹಿ ಅಲ್ಲಿಗೆ ಮುಗಿಯಿತು.

ಇವರನ್ನು ಸಂದರ್ಶನ ಮಾಡುವುದು ಸುಲಭದ ಮಾತಲ್ಲ. ಒಂದು ಪ್ರಶ್ನೆ ಕೇಳಿದರೆ ಉತ್ತರಕ್ಕೆ ಮುಂಚೆ ಒಂದು ಕೆಲಸ ಬರುತ್ತದೆ. "ಸುಮ್ನೆ ನಿಂತಿರೋ ಬದಲು ಈ ಪೈಪ್ ಹಿಡ್ಕೊಳಿ. ಹಾಗಲ್ಲ, ಬುಡಕ್ಕೆ. ಎಲೆಗೆ ಯಾಕೆ ಸ್ನಾನ ಮಾಡಿಸ್ತೀರಾ?" ಹೀಗಾಗಿ ಈ ಲೇಖನದ ಅರ್ಧದಷ್ಟು ವಿಷಯವನ್ನು ನಾನು ಒದ್ದೆ ಪ್ಯಾಂಟಿನಲ್ಲೇ ಸಂಗ್ರಹಿಸಿದ್ದೇನೆ.

ಅವರು ಚೂರು ಹೆಕ್ಕುತ್ತಿರುವುದು ಒಂದು ಹಳೆಯ ಅತ್ತಿಮರದ ಬುಡದಲ್ಲಿ. ಫೋಟೋದಲ್ಲಿ ಎಲ್ಲರ ಹಿಂದೆ ಕಾಣುವುದು ಇದೇ ಮರ. ಎಲ್ಲರೂ ಇಲ್ಲೇ ನಿಂತು, ಇಲ್ಲೇ ಕುಣಿದು, ಬುಡದ ಮಣ್ಣು ಸಿಮೆಂಟಿನ ನೆಲದಷ್ಟು ಗಟ್ಟಿಯಾಗಿ, ಬೇರಿಗೆ ನೀರಿಳಿಯದೆ ಮರ ಒಣಗುತ್ತಾ ಬಂದಿದೆ. ಹೋದ ವರ್ಷ ಒಂದು ಎಲೆಯೂ ಚಿಗುರಲಿಲ್ಲ. ಒಣಕೊಂಬೆ ಯಾರದಾದರೂ ತಲೆ ಮೇಲೆ ಬಿದ್ದರೆ ಯಾರು ಹೊಣೆ ಎಂದು ಪಾರ್ಕಿನ ಆಫೀಸಿನವರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಮರ ಕಡಿಸಿ ಆ ಜಾಗದಲ್ಲಿ ಜೋಡಿಗಳು ಫೋಟೋ ತೆಗೆಸಿಕೊಳ್ಳಲೆಂದು ಹೃದಯದ ಆಕಾರದ ಕಮಾನು ಕಟ್ಟಿಸುತ್ತೇವೆ ಎನ್ನುತ್ತಾರಲ್ಲ, ಅದನ್ನು ಕೇಳಿದಾಗಲೆಲ್ಲ ಸೀಟಿಯಕ್ಕನಿಗೆ ಮೈಯೆಲ್ಲ ಉರಿಯುತ್ತದೆ. "ಮರ ಸಾಯಿಸಿದವರಿಗೇ ಬಹುಮಾನ!"

ಅವರು ಸುಮ್ಮನೆ ಕೂತಿಲ್ಲ. ಬುಡದ ಮಣ್ಣನ್ನು ಕೈಗುದ್ದಲಿಯಿಂದ ಬೇರಿಗೆ ತಾಗದಂತೆ ಸಡಿಲಿಸಿ, ಒಣಗಿದ ಎಲೆ ಹರಡಿ, ಸುತ್ತಲೂ ಗೂಟ ನೆಟ್ಟು ಹಗ್ಗ ಕಟ್ಟಿದ್ದಾರೆ. ಹಗ್ಗಕ್ಕೊಂದು ಹಲಗೆ, ಅದರ ಮೇಲೆ ಅವರದೇ ದುಂಡಕ್ಷರ: 'ಬೇರಿಗೆ ಉಸಿರಾಡಲು ಬಿಡಿ. ಹಗ್ಗದ ಈಚೆ ನಿಲ್ಲಿ.' ಈ ಬೇಸಿಗೆ ಮುಗಿಯುವುದರೊಳಗೆ ಚಿಗುರಿದರೆ ಉಳಿಸುತ್ತೇವೆ, ಇಲ್ಲವಾದರೆ ಇಲ್ಲ ಎಂದು ಆಫೀಸಿನ ಸಾಹೇಬರು ಹೇಳಿದ್ದಾರೆ. ಅವರು ನೋಡಲು ಬರುವುದು ನಾಳೆ ಬೆಳಿಗ್ಗೆ.

ಸೀಟಿಯಕ್ಕ ಅತ್ತಿತ್ತ ನೋಡಿ, ನನ್ನನ್ನು ಮರದ ಹಿಂಬದಿಗೆ ಕರೆದುಕೊಂಡು ಹೋಗುತ್ತಾರೆ. ಕಾಂಡಕ್ಕೆ ಸಡಿಲವಾಗಿ ಕಟ್ಟಿದ ಒಂದು ಗೋಣಿತುಂಡು. ಅದನ್ನು ತೊಟ್ಟಿಲ ಬಟ್ಟೆ ಸರಿಸುವವರಂತೆ ಮೆಲ್ಲಗೆ ಎತ್ತುತ್ತಾರೆ. ಒಳಗೆ ಒರಟು ತೊಗಟೆಯನ್ನು ಸೀಳಿಕೊಂಡು ಬಂದ ಒಂದು ಚಿಗುರು, ನನ್ನ ಕಿರುಬೆರಳಿನಷ್ಟು.

"ಮುಟ್ಟಬೇಡಿ. ಬಿಸಿಲು ಜಾಸ್ತಿ ಅಂತ ಗೋಣಿ ಕಟ್ಟಿದೀನಿ. ನಮ್ಮನೆಯವರಿಗೆ ಬಿಟ್ರೆ ಯಾರಿಗೂ ಹೇಳಿಲ್ಲ. ಹೇಳಿದ್ರೆ ಇದರ ಜೊತೆಗೂ ಫೋಟೋ ತೆಗೆಸ್ಕೋತಾರೆ."

ಮನೆಯವರು ಎಂದರೆ ಗಂಡ. ಹಳೆ ಫ್ಯಾನು, ಮಿಕ್ಸಿ ರಿಪೇರಿ ಮಾಡುತ್ತಾರೆ. ಇರುವ ಎರಡು ಕೋಣೆಯ ಮನೆಯಲ್ಲಿ ಒಂದು ಕೋಣೆ ತುಂಬ ಬಿಚ್ಚಿಟ್ಟ ಫ್ಯಾನಿನ ರೆಕ್ಕೆಗಳು. ಮಂಚದ ಕೆಳಗೂ ಅವೇ. ಮಗಳು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿ ಮುಗಿಸಿ ಬಂದು ರೆಕ್ಕೆಗಳ ನಡುವೆಯೇ ಜಾಗ ಮಾಡಿಕೊಂಡು ಮಲಗುತ್ತಾಳೆ. ನಿಮ್ಮವರು ನಿಮಗೆ ಪ್ರಪೋಸ್ ಮಾಡಿದ್ದು ಹೇಗೆ ಎಂದು ಕೇಳಿದೆ. ಸಂಪಾದಕರ ಋಣ ಸ್ವಲ್ಪವಾದರೂ ತೀರಬೇಕಲ್ಲ.

"ಬಸ್ ಸ್ಟಾಪಲ್ಲಿ ನಿಂತಿದ್ದೆ. ಪಕ್ಕ ಬಂದು 'ಏನಂತೀಯಾ?' ಅಂದ್ರು. 'ಯಾವುದಕ್ಕೆ?' ಅಂದೆ. ಅಷ್ಟರಲ್ಲಿ ಅವರ ಬಸ್ ಬಂತು, ಹತ್ಕೊಂಡು ಹೋದ್ರು. ಮಾರನೇ ದಿನ ಅದೇ ಹೊತ್ತಿಗೆ ಹೋಗಿ 'ಹೂಂ' ಅಂದೆ. ಅಷ್ಟೇ ಸಾರ್. ಒಂದು ಚೂರು ಕಸ ಬೀಳಲಿಲ್ಲ."

ಪಂಪ್‌ಹೌಸಿನ ಪಕ್ಕದ ಅವರ ಸಾಮಾನಿನ ಕೋಣೆಗೆ ಹೋದರೆ ಪ್ರೇಮಿಗಳು ಬಿಟ್ಟುಹೋದದ್ದೆಲ್ಲ ದುಡಿಯುತ್ತಿರುವುದು ಕಾಣುತ್ತದೆ. ಸ್ಯಾಟಿನ್ ರಿಬ್ಬನ್ನು ಬಳ್ಳಿಗಳನ್ನು ಕೋಲಿಗೆ ಕಟ್ಟಲು. ಹೊಳೆಯುವ ಬಲೂನಿನ ಪಟ್ಟಿಗಳು ಸಸಿಗಳಿಂದ ಹಕ್ಕಿ ಓಡಿಸಲು. ಹೃದಯದ ಆಕಾರದ ಡಬ್ಬಿಯಲ್ಲಿ ಬೀಜ. ಇಷ್ಟು ಬೈಯುವವರು ಇಷ್ಟು ಜೋಪಾನವಾಗಿ ಎತ್ತಿಡುವುದೇಕೆ ಎಂದರೆ, "ಬಿಸಾಕೋಕೆ ಹೊಟ್ಟೆ ಉರಿಯತ್ತೆ" ಎನ್ನುತ್ತಾರೆ.

ಬೆಳಗಿನ ಚಹಾದ ಹೊತ್ತಿಗೆ ಒಬ್ಬ ತರುಣ ಹಾಜರು. ಇವತ್ತು ಸಾಯಂಕಾಲ ಪ್ರಪೋಸ್ ಮಾಡಬೇಕಂತೆ, ಜಾಗ ನೋಡಿಕೊಂಡು ಹೋಗಲು ಬಂದಿದ್ದಾನೆ. ಜೊತೆಗೆ ಒಬ್ಬ ಗೆಳೆಯ. ಗೆಳೆಯನ ಕೊರಳಲ್ಲಿ ಕ್ಯಾಮೆರಾ, ಬಾಯಲ್ಲಿ ಸಲಹೆ. ಹುಡುಗಿಗೆ ಏನೂ ಗೊತ್ತಿಲ್ಲ, ಸುಮ್ಮನೆ ಗಾಳಿಗೆ ಹೋಗೋಣ ಎಂದು ಹೇಳಿ ಕರೆತರುವ ಉಪಾಯ.

"ಅಕ್ಕಾ, ಆ ಮರದ ಕೆಳಗೆ ಐದೇ ನಿಮಿಷ."

"ಆಗಲ್ಲ."

"ಚಪ್ಪಲಿ ಬಿಟ್ಟು ನಿಲ್ತೀನಿ ಅಕ್ಕಾ."

"ಅಯ್ಯೋ ನನ್ನಪ್ಪಾ, ಚಪ್ಪಲಿ ಬಿಟ್ಟರೆ ನಿನ್ನ ತೂಕ ಕಮ್ಮಿ ಆಗತ್ತಾ? ಹಲಗೆ ಓದೋಕೆ ಬರುತ್ತೆ ತಾನೇ?"

ಅವನ ಮುಖ ಹರಳೆಣ್ಣೆ ಕುಡಿದಂತಾಯಿತು. ಕಾಲೇಜಿನಿಂದ ಪರಿಚಯ, ಎರಡು ಸಲ ಕೇಳಬೇಕೆಂದು ಹೊರಟು ಧೈರ್ಯ ಸಾಲದೆ ವಾಪಸಾಗಿದ್ದೇನೆ, ಇವತ್ತು ಕೇಳದಿದ್ದರೆ ಇನ್ನು ಕೇಳುವವನಲ್ಲ ಎಂದು ಗೋಳು ತೋಡಿಕೊಂಡ. ಸೀಟಿಯಕ್ಕ ಇನ್ನಷ್ಟು ಗದರುತ್ತಾರೆ ಎಂದುಕೊಂಡೆ. ಇಲ್ಲ. ಪೊರಕೆ ಕಂಕುಳಿಗೆ ಸೇರಿಸಿಕೊಂಡು ಅವನನ್ನು ಪಂಪ್‌ಹೌಸಿನ ಹಿಂದಕ್ಕೆ ಕರೆದೊಯ್ದರು. ಅಲ್ಲೊಂದು ಕಲ್ಲುಬೆಂಚು, ಸಂಜೆಯ ಬೆಳಕು ನೇರವಾಗಿ ಮುಖಕ್ಕೆ ಬೀಳುವ ಜಾಗ. ಕೆರೆ ಅರ್ಧವಷ್ಟೇ ಕಾಣುತ್ತದೆ. "ಅವಳು ನಿನ್ನ ಮುಖ ನೋಡಬೇಕೋ ಕೆರೆ ನೋಡಬೇಕೋ?" ತರುಣ ಅಡ್ಡಡ್ಡ ತಲೆಯಾಡಿಸಿ, ಆಮೇಲೆ ಉದ್ದಕ್ಕೂ ಆಡಿಸಿ, ಆಯ್ತಕ್ಕಾ ಎಂದು ಹೋದ.

ಮಧ್ಯಾಹ್ನವೆಲ್ಲ ಅವರು ಗೊಣಗುತ್ತಲೇ ಆ ಬೆಂಚಿನ ಸುತ್ತ ಗುಡಿಸಿದರು. ಗೊಣಗುತ್ತಲೇ ಪಾಚಿ ಕೆರೆದು ತೊಳೆದರು. ನರ್ಸರಿಯಿಂದ ಹೂಬಿಟ್ಟ ಕುಂಡಗಳನ್ನು ಹೊತ್ತು ತಂದು ಎರಡೂ ಕಡೆ ಜೋಡಿಸಿದರು. ಅದರಲ್ಲಿ ಅರ್ಧ ಹೊತ್ತವನು ನಾನು. "ನಂಗೇನು ಬಂದಿರೋದು ಗ್ರಹಚಾರ? ಅವನು ಯಾವೂರ ಅಳಿಯ?" ಎಂದು ಬೈದುಕೊಂಡೇ ಒಂದು ಕುಂಡವನ್ನು ಮತ್ತೆ ಮತ್ತೆ ತಿರುಗಿಸಿ, ಚೆನ್ನಾದ ಹೂ ಬೆಂಚಿನ ಕಡೆಗೆ ಬರುವಂತೆ ಇಟ್ಟರು.

ಸಂಜೆ ನಾವಿಬ್ಬರೂ ಪಂಪ್‌ಹೌಸಿನ ಮೂಲೆಯಲ್ಲಿ ಮರೆಯಾಗಿ ನಿಂತು ಕಾಯುತ್ತಿದ್ದೇವೆ. ಬೆಳಕು ಬೆಂಚಿನ ಮೇಲೆ ಬಿತ್ತು, ಸರಿಯಿತು. ಯಾರೂ ಬರಲಿಲ್ಲ. "ಪಾಪ, ಧೈರ್ಯ ಸಾಲಲಿಲ್ಲ ಅನ್ಸತ್ತೆ" ಎಂದು ಸೀಟಿಯಕ್ಕ ಲೊಚಗುಟ್ಟಿದರು. ಅಷ್ಟರಲ್ಲಿ ಗುಡ್ಡದ ತುದಿಯಲ್ಲಿ ಝಗ್ಗನೆ ದೀಪದ ಸರ ಹೊತ್ತಿಕೊಂಡಿತು. ಅತ್ತಿಮರದ ಕಾಂಡಕ್ಕೆ, ಬುಡದಿಂದ ಎದೆಯೆತ್ತರದವರೆಗೆ, ಸುತ್ತಿ ಸುತ್ತಿ ಕಟ್ಟಿದ ದೀಪಗಳು.

ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಮೆಟ್ಟಿಲು ಹತ್ತುವವರನ್ನು ನಾನು ನೋಡಿರಲಿಲ್ಲ. ನಾನು ಏದುಸಿರು ಬಿಡುತ್ತಾ ಮೇಲೆ ಮುಟ್ಟುವಷ್ಟರಲ್ಲಿ ಕಂಡ ದೃಶ್ಯ ಇದು: ತರುಣ ಹಗ್ಗದ ಒಳಗೆ ಸಡಿಲಮಣ್ಣಿನಲ್ಲಿ ಮಂಡಿಯೂರಿದ್ದಾನೆ, ಕೈಯಲ್ಲಿ ಉಂಗುರದ ಡಬ್ಬಿ. ಗೆಳೆಯ ಕ್ಯಾಮೆರಾ ಹಿಡಿದು ಇನ್ನೂ ಒಳಗೆ. ಹುಡುಗಿ ಮಾತ್ರ ಹಗ್ಗದ ಈಚೆ, ಹಲಗೆಯ ಪಕ್ಕ, ಕೈಕಟ್ಟಿ ನಿಂತಿದ್ದಾಳೆ.

"ಒಳಗೆ ಬಾ, ಒಂದೇ ಒಂದು ನಿಮಿಷ" ಎಂದು ಅವನು ಅಂಗಲಾಚುತ್ತಾನೆ.

"ಬರಲ್ಲ. ಬೋರ್ಡ್ ಹಾಕಿದಾರಲ್ಲ. ಮೊದಲು ನೀನು ಈಚೆ ಬಾ, ಆಮೇಲೆ ಏನ್ ಕೇಳ್ಬೇಕೋ ಕೇಳು."

ಸೀಟಿಯಕ್ಕ ಸೀಟಿ ಊದಲಿಲ್ಲ. ಯಾರ ಮುಖವನ್ನೂ ನೋಡದೆ ನೆಟ್ಟಗೆ ಮರದ ಹಿಂಬದಿಗೆ ಹೋದರು. "ಗೋಣಿ ಎಲ್ಲಿ?"

"ಆ ಗಲೀಜು ತುಂಡಾ ಅಕ್ಕಾ? ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಕಿತ್ತು ಹಾಕ್ದೆ" ಎಂದ ಗೆಳೆಯ. ಕಸ ತೆಗೆದು ಉಪಕಾರ ಮಾಡಿದ ದನಿಯಲ್ಲೇ ಹೇಳಿದ.

ಸೀಟಿಯಕ್ಕ ದೀಪದ ಸರವನ್ನು ಬಿಚ್ಚತೊಡಗಿದರು. ಹುಡುಗಿ ಏನಾಯಿತೆಂದು ನನ್ನನ್ನು ಕೇಳಿದಳು. ಚಿಗುರಿನ ವಿಷಯ, ನಾಳೆ ಸಾಹೇಬರು ಬರುವ ವಿಷಯ ಹೇಳಿದೆ. ಅವಳು ಚಪ್ಪಲಿ ಕಳಚಿ, ಬೇರು ತಪ್ಪಿಸಿ ಹೆಜ್ಜೆಯಿಡುತ್ತಾ ಒಳಗೆ ಬಂದು, ಬಿಚ್ಚಿದ ಸರವನ್ನು ಕೈಗೆ ಸುತ್ತಿಕೊಳ್ಳುತ್ತಾ ನಿಂತಳು. ತರುಣ ಎದ್ದು ನಿಂತ. ಕೊನೆಯ ಸುತ್ತು ಕಳಚಿದಾಗ ಚಿಗುರು ಸೀಟಿಯಕ್ಕನ ಅಂಗೈಗೇ ಬಿತ್ತು. ತಂತಿ ಉಜ್ಜಿ ಬುಡದಲ್ಲೇ ಮುರಿದಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಇದನ್ನು ಮುಚ್ಚಿಟ್ಟುಕೊಂಡು ಬರೆಯುವ ಅಗತ್ಯ ನನಗೆ ಕಾಣುತ್ತಿಲ್ಲ. ಆ ಕ್ಯಾಮೆರಾವನ್ನು ಕೆರೆಗೆ ಎಸೆಯಬೇಕೆನಿಸಿತು. ಸೀಟಿಯಕ್ಕ ಮಾತ್ರ ಮುರಿದ ಜಾಗಕ್ಕೆ ಮುಖ ಹತ್ತಿರ ತಂದು ನೋಡುತ್ತಲೇ ಇದ್ದರು. ಆಮೇಲೆ ಹುಡುಗಿಯನ್ನು ಕರೆದರು. "ಆ ದೀಪ ಸ್ವಲ್ಪ ಹಿಡಿಯಮ್ಮಾ." ತೊಗಟೆಯ ಗಾಯದಲ್ಲಿ ಬಿಳಿ ಹಾಲು ಒಸರುತ್ತಿತ್ತು, ಹನಿಗಟ್ಟಿ ಕೆಳಗಿಳಿಯುತ್ತಿತ್ತು. ಸತ್ತ ಮರದಲ್ಲಿ ಹಾಲು ಬರುವುದಿಲ್ಲ.

ಅವರು ತರುಣನ ಕಡೆ ತಿರುಗಿದರು. "ನಾಳೆ ಬೆಳಿಗ್ಗೆ ಬರ್ತೀಯಾ. ಚಿಗುರಿತ್ತು, ನಾವೇ ಮುರಿದ್ವಿ ಅಂತ ಸಾಹೇಬ್ರ ಎದುರು ನಿನ್ನ ಬಾಯಲ್ಲೇ ಹೇಳ್ತೀಯಾ. ನನ್ನ ಮಾತು ಯಾರೂ ನಂಬಲ್ಲ."

ತರುಣ ಬಾಯಿ ತೆರೆಯುವ ಮೊದಲೇ ಹುಡುಗಿ, "ಬರ್ತಾನೆ. ನಾನೇ ಕರ್ಕೊಂಡು ಬರ್ತೀನಿ" ಎಂದಳು. ಉಂಗುರದ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಬೆಳಿಗ್ಗೆ ಸಾಹೇಬರು ಬಂದರು. ಜೋಡಿ ಅವರಿಗಿಂತ ಮುಂಚೆಯೇ ಬಂದು ಹಗ್ಗದ ಈಚೆ ನಿಂತಿತ್ತು. ತರುಣ ತಲೆ ತಗ್ಗಿಸಿ, ತಡವರಿಸಿ, ಒಂದನ್ನೂ ಬಿಡದೆ ಹೇಳಿದ. ಸಾಹೇಬರು ನಂಬಿದ ಹಾಗೆ ಕಾಣಲಿಲ್ಲ. ಸೀಟಿಯಕ್ಕ ಮಾತಿಗೆ ನಿಲ್ಲದೆ ಗಾಯದ ಪಕ್ಕ ಉಗುರಿನಿಂದ ಒಂದು ಸಣ್ಣ ಗೀರು ಹಾಕಿದರು. ಹಾಲು ಒಸರಿತು. ಸಾಹೇಬರು ಬೆರಳಿಟ್ಟು ನೋಡಿದರು, ಅಂಟಿಕೊಂಡಿತು. ಕರವಸ್ತ್ರದಲ್ಲಿ ಒರೆಸಿದರೂ ಹೋಗಲಿಲ್ಲ. "ಒಣಕೊಂಬೆ ಮಾತ್ರ ತೆಗೆಸ್ತೀನಿ. ಮುಂದಿನ ಬೇಸಿಗೆವರೆಗೆ ನೋಡೋಣ" ಎಂದು, ಬೆರಳನ್ನು ಉಜ್ಜಿಕೊಳ್ಳುತ್ತಲೇ ಇಳಿದು ಹೋದರು.

ಅಂತೂ ಗೆದ್ದಿರಿ ಎಂದೆ. ಸೀಟಿಯಕ್ಕ ನನ್ನನ್ನು ಏನೂ ತಿಳಿಯದವನನ್ನು ನೋಡುವಂತೆ ನೋಡಿದರು. ಒದ್ದೆ ಮಣ್ಣನ್ನು ಮುಷ್ಟಿಯಲ್ಲಿ ತಂದು ಆ ಗಾಯಕ್ಕೂ ಗೀರಿಗೂ ಮೆತ್ತತೊಡಗಿದರು. ಹೀಗೆ ಗಾಯಕ್ಕೆ ಮಣ್ಣು ಮೆತ್ತುವಾಗ ಮಾತ್ರ ಅವರ ದನಿಯಲ್ಲಿ ಬೈಗುಳ ಇರಲಿಲ್ಲ.

"ಬದುಕಿದೆ, ಬದುಕಿದೆ ಅಂತ ನಾನು ಮೊದಲಿಂದ ಬಡ್ಕೋತಿದ್ದೆ, ಯಾರೂ ಕೇಳಲಿಲ್ಲ. ಕೊನೆಗೆ ಮರವೇ ಹೇಳ್ಬೇಕಾಯ್ತು. ಎಷ್ಟು ನೋವಾಯ್ತೋ ಏನೋ ಸಾರ್, ಹಾಗೆ ಹೇಳೋಕೆ."